ಕಿವಿ ಹಿಂಡುವ ಕೆಲಸ

ಇಪ್ಪತ್ತೆಂಟು ವರ್ಷಗಳ ಮಾಸ್ತರಿಕೆಯಲ್ಲಿ ನಾನು ಹಿಂಡಿದ ಕಿವಿಗಳಿಗೆ ಲೆಕ್ಕವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಆ ಚಾಳಿ ಬಿಟ್ಟೆನೆಂದು ನೆಮ್ಮದಿಯಿಂದಿದ್ದೆ. ಆದರೆ ಹೋದ ಬೇಸಿಗೆಯಿಂದ ದಿನಾ ಬೆಳಗ್ಗೆ ಐದಕ್ಕೆ ಎದ್ದು ಮತ್ತೆ ನಾಲ್ಕು ಕಿವಿ ಹಿಂಡುತ್ತಿದ್ದೇನೆ. ಅವು ನಮ್ಮ ಅತ್ತೆಯವರ ತಂಬೂರಿಯವು.

ಅತ್ತೆ ಮದುವೆಯಾಗಿ ಶಹಾಬಾದಿಗೆ ಬಂದದ್ದು 1962ರಲ್ಲಿ. ಕಲ್ಲಿನ ಖಣಿಯೊಂದರಲ್ಲಿ ಗುಮಾಸ್ತರಾಗಿದ್ದ ಮಾವನವರು ಅದೇ ವರ್ಷ ಮೀರಜಿಗೆ ಹೋಗಿ ತಂಬೂರಿ ತಂದರಂತೆ. ಮೀರಜಿನಿಂದ ಕುರ್ಡುವಾಡಿಯವರೆಗೆ ಬಾರ್ಶಿ ಲೈನಿನ ಸಣ್ಣ ಗಾಡಿ, ಅಲ್ಲಿಂದ ಸೊಲ್ಲಾಪುರದ ಮೇಲೆ ದೊಡ್ಡ ಗಾಡಿ. ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರಂತೆ. ಮೀರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಸುದ್ದಿಯನ್ನು ನಾನು ಓದಿ ಹೇಳಿದಾಗ ಅತ್ತೆ, "ನಮಗ ಅರವತ್ತು ವರ್ಷದ ಹಿಂದೇ ಗೊತ್ತಿತ್ತು" ಎಂದು ಮಗ್ಗಲು ಬದಲಿಸಿದರು.

ಚಿಂಚೋಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಉಮೇದಿನಿಂದ ಅದರ ಖುಂಟಿ ತಿರುವಿದ್ದೆ. "ನಿನಗ ಸುರದ ಕಿವಿ ಇಲ್ಲವ್ವ, ಬಿಡು" ಎಂದಿದ್ದರು. ಬಿಟ್ಟೆ. ಆ ಮಾತನ್ನು ಮಾತ್ರ ಬಿಡಲಿಲ್ಲ. ಹೋದ ವರ್ಷ ಅವರ ಕೈ ನಡುಗತೊಡಗಿದಾಗ ಅವರೇ ಕರೆದು, "ಟೀಚರಮ್ಮಾ, ನೀನೇ ಕೂಡಿಸಿ ಕೊಡು" ಎಂದರು. ನಾಲ್ಕು ವಚನ ಹಾಡದೆ ಚಹಾ ಮುಟ್ಟುವವರಲ್ಲ ಅವರು.

ಕಲಿತೆ. ಮೊದಲು ನಡುವಿನ ಜೋಡಿ ತಂತಿಗಳನ್ನು ಪೇಟಿಯ ಷಡ್ಜಕ್ಕೆ ಕೂಡಿಸಬೇಕು, ಆಮೇಲೆ ಪಂಚಮ, ಕೊನೆಗೆ ಹಿತ್ತಾಳೆಯ ಖರ್ಜ. ಖರ್ಜ ಸರಿಯಾಗಿ ಕೂತರೆ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುತ್ತದೆ. ತಂತಿಯೇ ಇಲ್ಲದ ಸ್ವರ! ಮೊದಲ ಸಲ ಕೇಳಿಸಿದಾಗ ರೋಮಾಂಚನವಾಯಿತು. ಎರಡೇ ನಿಮಿಷ. ಖುಂಟಿ ಜಾರಿತು.

ಸೇಡಮ್ಮಿನ ಬಿಸಿಲು ನಿಮಗೆ ಗೊತ್ತಿರಬಹುದು. ಒಣ ಹವೆಗೆ ಕಟ್ಟಿಗೆಯ ಖುಂಟಿ ಕುಗ್ಗಿ ತೂತಿನಲ್ಲಿ ಸಡಿಲಾಗುತ್ತದೆ. ಮಳೆಗಾಲದಲ್ಲಿ ಅದೇ ಖುಂಟಿ ಉಬ್ಬಿ ಅಲುಗುವುದೇ ಇಲ್ಲ. ಜಾರುವ ಖುಂಟಿಗೆ ಚಾಕ್‌ಪೀಸ್ ತಿಕ್ಕಬೇಕು. ಟೀಚರ ಮನೆಯಲ್ಲಿ ಅದಕ್ಕೇನು ಬರ! ಆದರೂ ಸುರ ನಿಲ್ಲಲಿಲ್ಲ. ನೋಡಿದರೆ ತಂಬೂರಿಯನ್ನು ಕೂಲರಿನ ಎದುರಿಗೇ ಆನಿಸಿ ಇಟ್ಟಿದ್ದೆವು. ತೇವದ ಗಾಳಿ ಒಂದು ತಾಸು, ಒಣ ಸೆಕೆ ಒಂದು ತಾಸು. ದೇವರ ಕೋಣೆಯ ಮೂಲೆಗೆ ಸಾಗಿಸಿದೆವು. ಜೋಡಿ ತಂತಿ ತುಕ್ಕು ಹಿಡಿದಿದ್ದವು, ಬದಲಿಸಿದೆವು. ಹೊಸ ತಂತಿ ಹೊಸ ಸೊಸೆಯ ಹಾಗೆ, ನಾಲ್ಕು ದಿನ ಎಳೆದಾಡಿಯೇ ನೆಲೆಗೊಳ್ಳುವುದು. ಕಡೆಯ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಖುಂಟಿ ಮುಟ್ಟಬಾರದು. ಕುದುರೆಯ ಆಚೆಗಿರುವ ಮಣಿಯನ್ನು ತುಸು ಕೆಳಕ್ಕೆ ಸರಿಸಿದರೆ ತಂತಿ ಬಿಗಿದು ಸ್ವರ ಏರುತ್ತದೆ.

ಇಷ್ಟಾದ ಮೇಲೆ ಮಗನ ಮೊಬೈಲೂ ಹಸಿರು ದೀಪ ತೋರಿಸಿತು. ಅತ್ತೆ ಮಾತ್ರ ತಲೆಯಾಡಿಸಿದರು. "ಸುರ ಅದ. ಜವಾರಿ ಸತ್ತದ."

ಜವಾರಿ ಎಂದರೆ ಆ ಝೇಂಕಾರ. ತಂತಿ ಕುದುರೆಯ ಬೆನ್ನನ್ನು ಸವರಿಕೊಂಡು ಕಂಪಿಸುವುದರಿಂದ ಹುಟ್ಟುವುದು. ತಂತಿಯ ಕೆಳಗೆ ಜೀವಾಳವೆಂಬ ನೂಲಿನ ಎಳೆ ಇರುತ್ತದೆ; ಅದನ್ನು ಅಕ್ಕಿಕಾಳಿನಷ್ಟು ಹಿಂದೆ ಮುಂದೆ ಸರಿಸುತ್ತ ದನಿ ತೆರೆಯುವ ಜಾಗ ಹುಡುಕಬೇಕು. ಹದಿನೈದು ದಿನ ಹುಡುಕಿದೆ. ನನ್ನ ಕಿವಿಗೆ ಜೇನುಗೂಡು ಬಿಚ್ಚಿದಂತೆ ಕೇಳುತ್ತಿತ್ತು, ಅವರದು ಒಂದೇ ಮಾತು. ಮೀರಜಿನ ಕಾರಿಗರನೊಬ್ಬನಿಗೆ ಫೋನಿನಲ್ಲೇ ಮೀಟಿ ಕೇಳಿಸಿದೆ. "ಜವಾರಿ ಛಲೋ ಅದರೀ ಬಾಯಿ, ಕೈ ಹಚ್ಚಬ್ಯಾಡ್ರಿ" ಎಂದ. ಅಂದೇ ಚಿತ್ತಾಪುರದ ಗಾಡಿ ತಪ್ಪಿ, ಶಾಲೆಗೆ ತಡವಾಗಿ, ತಲೆ ಕೆಟ್ಟಿತ್ತು. ಸಂಜೆ ಅಂದುಬಿಟ್ಟೆ: "ನಿಮಗ ನನ್ನ ಕೈ ಹಿಡಿಸಂಗಿಲ್ಲ ಅಂತ ಅಂದುಬಿಡ್ರಿ ಅತ್ತಿ, ತಂಬೂರಿಗ್ಯಾಕ ಹೆಸರಿಡ್ತೀರಿ?"

ಅವರು ಏನೂ ಅನ್ನಲಿಲ್ಲ. ಎಂಟು ದಿನ ಹಾಡಲಿಲ್ಲ. ಚಹಾ ಮಾತ್ರ ಕುಡಿದರು.

ಒಂಬತ್ತನೆಯ ದಿನ ಬೇಳೆ ಇಟ್ಟು ಒಗ್ಗರಣೆಗೆ ಬಳ್ಳೊಳ್ಳಿ ಸುಲಿಯುತ್ತಿದ್ದೆ. ಅತ್ತೆ ಕುಕ್ಕರಿನ ಪಕ್ಕದಲ್ಲೇ ಕೂತಿದ್ದರು. ಸೀಟಿ ಎಣಿಸುವುದು ಎಂದಿನಿಂದಲೂ ಅವರ ಖಾತೆ. ನಾಲ್ಕಾದರೂ ಸುಮ್ಮನಿದ್ದರು. "ಬಂದ್ ಮಾಡ್ಲೇನ್ರಿ?" ಎಂದೆ. "ಒಂದೂ ಆಗಿಲ್ಲಲ್ಲ ಇನ್ನಾ" ಎಂದರು.

ನನ್ನ ಕೈಯೊಳಗಿನ ಬಳ್ಳೊಳ್ಳಿ ಅಲ್ಲೇ ನಿಂತಿತು.

ಕಲಬುರಗಿಯ ಡಾಕ್ಟರು ಹೇಳಿದ್ದೂ ಅದೇ. ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ಸಣ್ಣ ದನಿಗಳು. ದಪ್ಪ ದನಿ ಉಳಿದಿರುತ್ತದೆ. ಜವಾರಿಯೆಲ್ಲ ಅಂಥ ಸಣ್ಣ ದನಿಗಳ ಸಂತೆಯೇ ತಾನೆ? ಕಿವಿಯ ಮಷೀನು ಕೊಡಿಸಿದೆವು. ಮಾತಿಗೆ ಚೆನ್ನಾಯಿತು. ತಂಬೂರಿ ಮೀಟಿದರೆ ಎಣ್ಣೆ ಡಬ್ಬಿ ಬಡಿದಂಗ ಆಗ್ತದ ಎಂದು ತೆಗೆದಿಟ್ಟರು. ಈ ಮಷೀನುಗಳನ್ನು ಹೊಂದಿಸುವುದೇ ಮಾತಿಗಂತೆ.

ಮರುದಿನ ಐದಕ್ಕೆ ನಾನು ಒಬ್ಬಳೇ ಸುರ ಕೂಡಿಸುತ್ತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಕೂತರು. ತಂಬೂರಿಯನ್ನು ಎಳೆದುಕೊಂಡು, ಅದರ ದಾಂಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಬುರುಡೆಯ ಮೇಲೆ ಅಂಗೈ ಇಟ್ಟರು.

"ಖರ್ಜ ಬಂತು," ಎಂದರು. ಆಮೇಲೆ ಕಣ್ಣು ಮುಚ್ಚಿಯೇ ಕೇಳಿದರು, "ಜವಾರಿ ಅದ ಏನು?"

"ಅದರೀ."

"ಗಾಂಧಾರ?"

"ಕೇಳ್ಲತ್ತದ್ರಿ ಅತ್ತಿ."

"ನಿನಗ ಕೇಳಿದ್ರ ಆಯ್ತು," ಎಂದು ಹಾಡು ಹಿಡಿದರು. ಎರಡನೆಯ ವಚನಕ್ಕೆ ಪಂಚಮದ ಖುಂಟಿ ಸರ್ರನೆ ಜಾರಿತು. ಅವರು ಹಾಡುತ್ತಲೇ ಇದ್ದರು. ನಾನು ಮೆಲ್ಲಗೆ ಎದ್ದು ಚಾಕ್‌ಪೀಸ್ ತರಲು ಹೋದೆ.