ಅರುಂಧತಿ ನಿಜವಾಗ್ಲೂ ಕಂಡಿತ್ತಾ?

ನಮ್ಮ ಮದುವೆ ದಿನ ಪುರೋಹಿತರು ಛತ್ರದ ಹೊರಗೆ ಕರ್ಕೊಂಡು ಹೋಗಿ ಅರುಂಧತಿ ನಕ್ಷತ್ರ ತೋರಿಸಿದ್ರು. ಟೈಮ್ ಬೆಳಗ್ಗೆ ಹನ್ನೊಂದೂವರೆ, ಕಣ್ಣು ಬಿಡೋಕಾಗದ ಬಿಸಿಲು. "ಕಾಣಿಸ್ತಾ?" ಅಂದ್ರು. ಇಬ್ಬರೂ "ಹೂಂ" ಅಂದ್ವಿ. ಫೋಟೊ ಆಲ್ಬಮ್‌ನಲ್ಲೂ ಇದೆ, ಇಬ್ಬರೂ ಆಕಾಶಕ್ಕೆ ಬೆರಳು ತೋರಿಸ್ತಾ ನಿಂತಿರೋದು.

ಎರಡು ವರ್ಷ ಕಳೆದ ಮೇಲೆ, ಏಪ್ರಿಲ್‌ನ ಒಂದು ಶನಿವಾರ ಕಾವಲೂರಿಗೆ ಹೊರಟೆವು. ಹೊಸೂರು, ಕೃಷ್ಣಗಿರಿ ದಾಟಿ ಆಲಂಗಾಯಂ ಕಡೆ ತಿರುಗಿದ್ರೆ ಜವ್ವಾದು ಬೆಟ್ಟಗಳು ಶುರು. ಅಲ್ಲಿ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರ ವೈನು ಬಪ್ಪು ವೀಕ್ಷಣಾಲಯ ಇದೆ. 2.34 ಮೀಟರ್ ಕನ್ನಡಿಯ ದೊಡ್ಡ ದೂರದರ್ಶಕ ಶುರುವಾಗಿದ್ದು 1986ರಲ್ಲಿ. ಅದಕ್ಕಾಗಿ ಓಡಾಡಿದ ಬಪ್ಪು ಅವರು 1982ರಲ್ಲೇ ತೀರಿಕೊಂಡಿದ್ದರು. ಅದರಲ್ಲಿ ನಮ್ಮಂಥವರಿಗೆ ಇಣುಕೋಕೆ ಸಿಗಲ್ಲ, ಸಂದರ್ಶಕರಿಗೆ ಬೇರೆ ಚಿಕ್ಕದೊಂದಿದೆ. ಹೋಗೋ ಮುಂಚೆ ವಿಚಾರಿಸಿಕೊಂಡು ಹೋಗಿ.

ನಾನು ನಕ್ಷತ್ರಕ್ಕಿಂತ ಹೆಚ್ಚಾಗಿ ಫೋನ್ ನೋಡ್ತಿದ್ದೆ. ಆಫೀಸಲ್ಲಿ ಜರ್ಮನಿ ಆನ್‌ಸೈಟ್ ಆಫರ್ ಬಂದಿತ್ತು, ಸೋಮವಾರ ಉತ್ತರ ಕೊಡಬೇಕು. ಟೀಮ್‌ನವರು, ಕಾಲೇಜ್ ಗ್ರೂಪ್‌ನವರು ಎಲ್ಲರದ್ದೂ ಒಂದೇ ರಾಗ: "ಬಿಡಬೇಡ ಮಗಾ!" ನಾನೂ ಹೂಂ ಅಂದಿದ್ದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ 20-30 ನಿಮಿಷ ಬೇಕು. ನನ್ನ ಕಣ್ಣಿಗೆ ಆ ಅವಕಾಶವೇ ಸಿಗಲಿಲ್ಲ, ಐದು ನಿಮಿಷಕ್ಕೊಂದು ನೋಟಿಫಿಕೇಶನ್.

ಅಷ್ಟರಲ್ಲಿ ಮೋಡ ಕವೀತು. ದಕ್ಷಿಣದ ಕಡೆ ಒಂದು ಸಂದಿಯಲ್ಲಿ ಒಂದೇ ಒಂದು ಚುಕ್ಕಿ ಉಳಿದಿತ್ತು. ಪಕ್ಕದಲ್ಲಿದ್ದ ಅಂಕಲ್ ಒಬ್ಬರು, "ಅಗೋ, ಅಲ್ಲಾಡ್ತಿದೆ ನೋಡಿ, ಡ್ರೋನ್ ಇರ್ಬೇಕು" ಅಂದ್ರು. ಅವರ ಮನೆಯವರು "ಹೌದೌದು, ಎಡಕ್ಕೆ ಹೋಗ್ತಿದೆ" ಅಂದ್ರು. ದಿಟ್ಟಿಸಿ ನೋಡಿದೆ. ನನಗೂ ಎಡಕ್ಕೇ ಹೋದ ಹಾಗೆ ಕಾಣಿಸ್ತು! ಹೆಂಡತಿ ಮಾತ್ರ ನಾಲ್ಕು ಹೆಜ್ಜೆ ಸರಿದು, ಆ ಚುಕ್ಕಿ ಮರದ ಕೊಂಬೆಯ ತುದಿಗೆ ಬರೋ ಹಾಗೆ ನಿಂತಳು. "ಇಲ್ಲಿ ಬಾ" ಅಂದಳು. ಹೋಗಿ ನೋಡಿದ್ರೆ ಕೊಂಬೆ ಬಿಟ್ಟು ಒಂದು ಕೂದಲೆಳೆಯಷ್ಟೂ ಕದಲುತ್ತಿಲ್ಲ.

ಇದಕ್ಕೆ ಆಟೋಕೈನೆಟಿಕ್ ಎಫೆಕ್ಟ್ ಅಂತಾರೆ. ಕತ್ತಲಲ್ಲಿ ಒಂಟಿ ಬೆಳಕಿನ ಚುಕ್ಕಿ, ಹೋಲಿಸೋಕೆ ಅಕ್ಕಪಕ್ಕ ಏನೂ ಇಲ್ಲ ಅಂದ್ರೆ, ಅದು ಚಲಿಸಿದ ಹಾಗೆ ಕಾಣುತ್ತೆ. 1935ರಲ್ಲಿ ಮುಜಾಫರ್ ಶೆರೀಫ್ ಅನ್ನೋ ಮನಶ್ಶಾಸ್ತ್ರಜ್ಞ ಇದನ್ನೇ ಇಟ್ಕೊಂಡು ಪ್ರಯೋಗ ಮಾಡಿದ್ರು. ಚುಕ್ಕಿ ಎಷ್ಟು ಇಂಚು ಸರೀತು ಅಂತ ಒಬ್ಬೊಬ್ಬರನ್ನೇ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಗುಂಪಲ್ಲಿ ಕೂರಿಸಿ ಕೇಳಿದಾಗ ಎಲ್ಲರ ಉತ್ತರ ಹತ್ತಿರ ಹತ್ತಿರ ಬಂತು. ಆಮೇಲೆ ಒಂಟಿಯಾಗಿ ಕೂರಿಸಿದ್ರೂ ಗುಂಪಿನ ಲೆಕ್ಕವನ್ನೇ ಹೇಳಿದ್ರಂತೆ. ಸರಿದಿರಲೇ ಇಲ್ಲ ಅದು!

ಒಂಬತ್ತರ ಹೊತ್ತಿಗೆ ಈಶಾನ್ಯದಲ್ಲಿ ಮೋಡ ಸರಿದು ಸಪ್ತರ್ಷಿಗಳು ಕಂಡ್ರು. ಅಷ್ಟರಲ್ಲಿ ನಾನು ಫೋನ್ ಕಾರಲ್ಲಿಟ್ಟು ಬಂದಿದ್ದೆ. ಬಾಲದ ಮಧ್ಯದ ವಸಿಷ್ಠನ ಪಕ್ಕ, ಸಣ್ಣಗೆ ಮಿನುಗುತ್ತಾ ಅರುಂಧತಿ. ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ.

"ಮದುವೇಲಿ ನಿಂಗೆ ನಿಜವಾಗ್ಲೂ ಕಂಡಿತ್ತಾ?" ಅಂತ ಕೇಳಿದಳು.

"ಇಲ್ಲಪ್ಪ. ನಿಂಗೆ?"

"ನಂಗೂ ಇಲ್ಲ. ನೀನು ಹೂಂ ಅಂದ್ಯಲ್ಲ, ಅದಕ್ಕೇ ಅಂದೆ."

ನಗು ಬಂತು. ಆದ್ರೆ ನಗು ಅರ್ಧಕ್ಕೇ ನಿಂತುಹೋಯ್ತು. "ಜರ್ಮನಿಗೂ ಹಾಗೇನಾ ಹೂಂ ಅಂದಿದ್ದು?" ಅಂದೆ.

ಅವಳು ತಕ್ಷಣ ಏನೂ ಹೇಳಲಿಲ್ಲ. ಕಾರು ಹತ್ತಿ ಆಲಂಗಾಯಂ ತಲುಪೋ ಹೊತ್ತಿಗೆ ಶುರು ಮಾಡಿದಳು. ಅವಳ ಕೆಲಸ, ಅವಳ ಅಮ್ಮನ ಮಂಡಿ ಆಪರೇಷನ್, ನಾನು ಕೇಳದೇ ಬಿಟ್ಟ ಎಷ್ಟೋ ಸಂಗತಿ. ಹೊಸೂರು ಟೋಲ್ ದಾಟಿದ ಮೇಲೂ ಮಾತು ಮುಗಿದಿರಲಿಲ್ಲ.

ಸೋಮವಾರ ಮ್ಯಾನೇಜರ್‌ಗೆ ಮೇಲ್ ಹಾಕಿ ಇನ್ನೊಂದು ವಾರ ಟೈಮ್ ಕೇಳಿದೆ.