ಅರವತ್ತು ದಾಟಿದ ಮೇಲೆ ಜಪಾನಿ ಬಾಲಪಾಠ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. ಬಿಡದಿಯ ಕಡೆ ಕಾರುಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನಿಗೆ ಉದ್ಯೋಗ. ಆರು ತಿಂಗಳ ತರಬೇತಿಗೆ ಜಪಾನಿಗೆ ಕಳುಹಿಸುವ ಮಾತು ನಡೆದಿದೆಯಂತೆ. "ಮೇಡಂ, ತಾವು ಜಪಾನಿ ಭಾಷೆ ಕಲಿಯುತ್ತಿದ್ದೀರೆಂದು ಕೇಳಿದೆ. ನಾನು ಯಾವ ಪುಸ್ತಕ ಕೊಳ್ಳಲಿ?" ಎಂದು ವಿನಯದಿಂದ ಕೇಳಿದ. ಆ ಕ್ಷಣಕ್ಕೆ ಒಂದೆರಡು ಹೆಸರು ಹೇಳಿ ಮುಗಿಸಿದೆನಾದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ಆದರೆ ಒಂದು ಪಠ್ಯಪುಸ್ತಕವನ್ನು ಆರಿಸುವ ಕೆಲಸ ನನ್ನ ಪಾಲಿಗೆ ಎಂದೂ ಬಂದಿರಲಿಲ್ಲ. ಜೂನ್ ತಿಂಗಳಲ್ಲಿ ಸರ್ಕಾರದಿಂದ ಯಾವ ಪುಸ್ತಕ ಬಂದಿತೋ ಅದನ್ನು ಮಾರ್ಚ್ ಒಳಗೆ ಮುಗಿಸುವುದಷ್ಟೇ ನಮ್ಮ ಕರ್ತವ್ಯವಾಗಿತ್ತು. ಪುಸ್ತಕವನ್ನು ಆರಿಸುವುದೆಂದರೇನು, ಒಬ್ಬಂಟಿಯಾಗಿ ಅದರ ಮುಂದೆ ಕುಳಿತುಕೊಳ್ಳುವುದೆಂದರೇನು ಎಂಬುದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಆದ್ದರಿಂದ ಅವನಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನನ್ನು ಈ ಹಾದಿಗೆ ಎಳೆದವನು ನನ್ನ ಮೊಮ್ಮಗ. ಮಗಳು, ಅಳಿಯ ಟೋಕಿಯೋದ ನಿಶಿಕಸಾಯ್ ಎಂಬಲ್ಲಿದ್ದಾರೆ. ಭಾರತೀಯ ಕುಟುಂಬಗಳು ಬಹಳವಾಗಿ ನೆಲೆಸಿರುವ ಭಾಗ ಅದು. ಮೊಮ್ಮಗನಿಗೆ ಈಗ ಐದು ವರ್ಷ. ಮನೆಯಲ್ಲಿ ಕನ್ನಡ ಕೇಳಿಸಿಕೊಳ್ಳುತ್ತಾನೆ, ಅರ್ಥವೂ ಆಗುತ್ತದೆ. ಆದರೆ ದಿನವಿಡೀ ಶಿಶುವಿಹಾರದಲ್ಲಿರುವ ಮಗುವಿನ ಬಾಯಿಂದ ಬರುವ ಉತ್ತರ ಮಾತ್ರ ಜಪಾನಿಯಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಅಲ್ಲಿ ಸಂಜೆ ಆರೂವರೆಯಾಗಿರುವಾಗ, ವಿಡಿಯೋ ಕರೆಯಲ್ಲಿ ನಮ್ಮ ಭೇಟಿ. ಎರಡು ವರ್ಷದ ಹಿಂದೆ ಒಂದು ಭಾನುವಾರ ಅವನೊಂದು ಚಿತ್ರಪುಸ್ತಕವನ್ನು ಫೋನಿಗೆ ಒತ್ತಿ ಹಿಡಿದು "ಯೊಂದೆ! ಯೊಂದೆ!" ಎಂದ. ನಾನು ನಗುತ್ತ ತಲೆಯಾಡಿಸಿದೆ. ಮತ್ತೆ "ಯೊಂದೆ" ಎಂದ. ಮತ್ತೆ ನಕ್ಕೆ. ಅವನು ಪುಸ್ತಕ ಮಡಿಸಿಕೊಂಡು ಎದ್ದುಹೋದ. "ಓದು ಅಂತಿದ್ದಾನೆ ಅಮ್ಮ" ಎಂದು ಮಗಳು ಆಮೇಲೆ ಹೇಳಿದಳು. ಸಾವಿರಾರು ಮಕ್ಕಳ ಮುಂದೆ ಪುಸ್ತಕ ಹಿಡಿದು ಓದಿದ ನಾನು, ನನ್ನ ಮೊಮ್ಮಗ ಓದೆಂದಾಗ ಓದಲಾಗದೆ ಕುಳಿತಿದ್ದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುವಾರವೇ ಒಂದು ಪುಸ್ತಕ ತರಿಸಿಕೊಂಡೆ. ಅದರಲ್ಲಿ ಜಪಾನಿ ವಾಕ್ಯಗಳೆಲ್ಲ ರೋಮನ್ ಅಕ್ಷರದಲ್ಲಿದ್ದವು. ಹೊಸ ಲಿಪಿಯ ಗೋಜಿಲ್ಲವಲ್ಲ, ಬೇಗ ಮಾತು ಬಂದೀತು ಎಂಬ ಲೆಕ್ಕಾಚಾರ. ಹದಿನೈದು ದಿನದಲ್ಲಿ ಮೂರು ಪಾಠ ಮುಗಿಸಿ, ಮೊಮ್ಮಗನಿಗೆ ಹೆಮ್ಮೆಯಿಂದ "ನಾನು ನಿನ್ನ ಒಬಸನ್" ಎಂದು ಜಪಾನಿಯಲ್ಲಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಒಬಸನ್ ಎಂದರೆ ಅತ್ತೆ ಅಥವಾ ಚಿಕ್ಕಮ್ಮ. ಅಜ್ಜಿಗೆ ಒಬಾಸನ್ ಎಂದು ದೀರ್ಘ ಎಳೆಯಬೇಕು. ಪುಸ್ತಕದಲ್ಲಿ ಅಕ್ಷರದ ಮೇಲೆ ದೀರ್ಘದ ಗೆರೆಯಿತ್ತು. ಇಂಗ್ಲಿಷಿಗೆ ಒಗ್ಗಿದ ಕಣ್ಣು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇದು ಪುಸ್ತಕದ ದೋಷವಲ್ಲ, ನನ್ನ ಆಯ್ಕೆಯ ದೋಷ. ಹ್ರಸ್ವ, ದೀರ್ಘ, ಒತ್ತಕ್ಷರ ಇವುಗಳ ಮೇಲೆ ಅರ್ಥ ನಿಂತಿರುವ ಭಾಷೆ ಅದು. ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಅಂಚೆಚೀಟಿ. ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕನ್ನಡದ ಕಿವಿಯನ್ನು ಬದಿಗಿಟ್ಟು ರೋಮನ್ ಅಕ್ಷರದ ಬಾಗಿಲಿನಿಂದ ಹೋದದ್ದೇ ನನ್ನ ತಪ್ಪು.

ಆ ಪುಸ್ತಕವನ್ನು ಮುಚ್ಚಿಟ್ಟು ಲಿಪಿಯಿಂದಲೇ ಆರಂಭಿಸಿದೆ. ಜಪಾನಿಯಲ್ಲಿ ಹಿರಗನ, ಕತಕನ ಎಂಬ ಎರಡು ಅಕ್ಷರಮಾಲೆಗಳು, ಒಂದೊಂದರಲ್ಲಿ 46 ಮೂಲಾಕ್ಷರಗಳು. ಇವುಗಳ ಜೊತೆಗೆ ಚೀನೀ ಮೂಲದ ಕಾಂಜಿ ಚಿಹ್ನೆಗಳು. ಅಕ್ಷರಗಳ ಕ್ರಮವನ್ನು ನೋಡಿ ಬೆರಗಾದೆ. ಅ, ಇ, ಉ, ಎ, ಒ. ಅನಂತರ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಚ ಇರುವಲ್ಲಿ ಅವರಿಗೆ ಸ, ನಮ್ಮ ಪ ಇರುವಲ್ಲಿ ಹ. ಆ ಹಕಾರ ಹಿಂದೆ ಪಕಾರವೇ ಆಗಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬೌದ್ಧ ಗ್ರಂಥಗಳಿಗಾಗಿ ಸಿದ್ಧಂ ಎಂಬ ಭಾರತೀಯ ಲಿಪಿಯನ್ನು ಅಭ್ಯಾಸ ಮಾಡಿದ ಜಪಾನಿನ ಭಿಕ್ಷುಗಳ ಮೂಲಕ ನಮ್ಮ ವರ್ಣಮಾಲೆಯ ಕ್ರಮ ಅಲ್ಲಿ ನೆಲೆಯೂರಿತು. ಬೋಧಿಸೇನ ಎಂಬ ಭಾರತೀಯ ಭಿಕ್ಷು 736ರಲ್ಲೇ ಜಪಾನಿಗೆ ಹೋಗಿ, 752ರಲ್ಲಿ ನಾರಾ ನಗರದ ತೊದಾಯ್‌ಜಿ ದೇವಾಲಯದ ಮಹಾಬುದ್ಧನಿಗೆ ನೇತ್ರೋನ್ಮೀಲನ ಮಾಡಿದನೆಂಬುದು ಇತಿಹಾಸ. ಹಿನಕಲ್ಲಿನ ನನ್ನ ಅಡುಗೆಮನೆಯ ಗೋಡೆಗೆ ಅಂಟಿಸಿದ ಅಕ್ಷರಪಟ ಪರಕೀಯವೆನಿಸುವುದು ಅಂದಿಗೆ ನಿಂತಿತು. ಒಂದು ತಿಂಗಳಲ್ಲಿ ಎರಡೂ ಅಕ್ಷರಮಾಲೆಗಳು ಕೈಗೆ ಬಂದವು.

ಇನ್ನು ಪಠ್ಯಪುಸ್ತಕದ ವಿಚಾರ. ಆರಂಭದವರಲ್ಲಿ ಹೆಚ್ಚು ಬಳಕೆಯಲ್ಲಿರುವವು ಎರಡು. 1998ರಲ್ಲಿ ಮೊದಲು ಪ್ರಕಟವಾಗಿ 2012ರಲ್ಲಿ ಪರಿಷ್ಕಾರಗೊಂಡ 'ಮಿನ್ನಾ ನೊ ನಿಹೊಂಗೊ' ಒಂದು, 1999ರಲ್ಲಿ ಬಂದು 2020ರಲ್ಲಿ ಮೂರನೆಯ ಆವೃತ್ತಿ ಕಂಡ 'ಗೆಂಕಿ' ಇನ್ನೊಂದು. ಗೆಂಕಿಯ ಎರಡು ಸಂಪುಟಗಳಲ್ಲಿ 23 ಪಾಠಗಳಿವೆ. ವಿವರಣೆ ಇಂಗ್ಲಿಷಿನಲ್ಲಿ ಪಾಠದ ಜೊತೆಯಲ್ಲೇ ಇರುವುದರಿಂದ ಗುರುವಿಲ್ಲದೆ ಓದುವವರಿಗೆ ಅನುಕೂಲ. ಮಿನ್ನಾದ ಪ್ರಾರಂಭಿಕ ಹಂತದ ಎರಡು ಸಂಪುಟಗಳಲ್ಲಿ 50 ಪಾಠಗಳು. ಮುಖ್ಯ ಪುಸ್ತಕ ಪೂರ್ತಿ ಜಪಾನಿಯಲ್ಲೇ ಇರುತ್ತದೆ. ಅನುವಾದ ಮತ್ತು ವ್ಯಾಕರಣದ ಟಿಪ್ಪಣಿಗಳಿಗೆ ಬೇರೆ ಪುಸ್ತಕ ಕೊಳ್ಳಬೇಕು. ಇದನ್ನರಿಯದೆ ಒಂದನ್ನೇ ಕೊಂಡು ತಬ್ಬಿಬ್ಬಾಗಬಾರದು. ದೆಹಲಿಯ ಗೋಯಲ್ ಪ್ರಕಾಶನದ ಭಾರತೀಯ ಮುದ್ರಣ ದೊರೆಯುವುದರಿಂದ ನಾನು ಮಿನ್ನಾವನ್ನೇ ಆರಿಸಿಕೊಂಡೆ. ಇಂಗ್ಲಿಷನ್ನು ದೂರವಿಡುವ ಆಸೆಯೂ ಇತ್ತೆನ್ನಿ.

ಆದರೆ ಯಾವ ಪುಸ್ತಕವಾದರೂ ತನ್ನದೇ ವೇಗದಲ್ಲಿ ನಡೆಯುತ್ತದೆ. ಈ ಪುಸ್ತಕ ಮೊದಲಿಗೆ 'ಮಸ್' ಎಂದು ಕೊನೆಗೊಳ್ಳುವ ಗೌರವದ ಕ್ರಿಯಾರೂಪಗಳನ್ನೇ ಕಲಿಸುತ್ತದೆ. ಓದುತ್ತೇನೆ ಎನ್ನಲು 'ಯೊಮಿಮಸ್'. ಮೊಮ್ಮಗನ 'ಯೊಂದೆ' ಬರುವುದು ಹದಿನಾಲ್ಕನೆಯ ಪಾಠದಲ್ಲಿ, ಮನೆಯವರೊಡನೆ ಆಡುವ ಸಾದಾ ಮಾತಿನ ಶೈಲಿ ಇಪ್ಪತ್ತನೆಯ ಪಾಠದಲ್ಲಿ. ಅಲ್ಲಿಯವರೆಗೆ ನಾನು ಮೊಮ್ಮಗನೊಡನೆ ಕಚೇರಿಯ ಅಧಿಕಾರಿಯೊಡನೆ ಮಾತನಾಡಿದಂತೆ ಮಾತನಾಡುತ್ತಿದ್ದೆ. ಅವನಿಗೆ ಅದೊಂದು ತಮಾಷೆ.

ವ್ಯಾಕರಣದಲ್ಲಿ ಮಾತ್ರ ಇಂಗ್ಲಿಷ್ ಟಿಪ್ಪಣಿಗಿಂತ ನಮ್ಮ ಕನ್ನಡವೇ ಒಳ್ಳೆಯ ಗುರು. 'ವತಶಿ ವ ಹೊನ್ ಒ ಯೊಮಿಮಸ್' ಎಂಬಲ್ಲಿ ನಾನು, ಪುಸ್ತಕವನ್ನು, ಓದುತ್ತೇನೆ ಎಂಬ ಕ್ರಮವೇ ಇದೆ. 'ಒ' ಎಂಬುದು ನಮ್ಮ 'ಅನ್ನು'. 'ಹಿನಕಲ್ ಕರ ಮೈಸೂರು ಮದೆ' ಎಂದರೆ ಹಿನಕಲ್ಲಿನಿಂದ ಮೈಸೂರಿನವರೆಗೆ. 'ತಬೆತೆ ಮಿರು' ಎಂಬುದಕ್ಕೆ ಟಿಪ್ಪಣಿಯಲ್ಲಿ ಅರ್ಧ ಪುಟ ವಿವರಣೆ ಬೇಕಾಗುತ್ತದೆ. ತಬೆತೆ ಎಂದರೆ ತಿಂದು, ಮಿರು ಎಂದರೆ ನೋಡು. ತಿಂದು ನೋಡು! ಹೋಳಿಗೆ ಬಡಿಸುವಾಗ ನಾವು ಹೇಳುವ ಮಾತೇ. ಮನುಷ್ಯರನ್ನೆಣಿಸಲು ನಮಗೆ ಒಬ್ಬರು, ಇಬ್ಬರು ಇದ್ದಂತೆ ಅವರಿಗೆ ಹಿತೊರಿ, ಫುತರಿ. ವಸ್ತುಗಳಿಗೆ ಬೇರೆ, ಹಿತೊತ್ಸು, ಫುತತ್ಸು. ಹೀಗೆಂದು ಮೈಮರೆತರೂ ಕಷ್ಟ. ನಾವು ನಾಯಿ 'ಇದೆ' ಎನ್ನುತ್ತೇವೆ, ಮೇಜಿನಂತೆಯೇ. ಅವರು ನಾಯಿಗೂ ಮನುಷ್ಯರಿಗೆ ಬಳಸುವ 'ಇಮಸ್' ಎನ್ನುತ್ತಾರೆ, ಮೇಜಿಗೆ ಮಾತ್ರ 'ಅರಿಮಸ್'. 'ನಮ್ಮ ತಂದೆಯವರು' ಎಂದು ನಾವು ಪರರೆದುರು ಗೌರವದಿಂದ ಹೇಳುತ್ತೇವೆ. ಅಲ್ಲಿ ಹೊರಗಿನವರ ಮುಂದೆ ತನ್ನ ತಂದೆಗೆ ಬರಿಯ 'ಚಿಚಿ', ಇತರರ ತಂದೆಗೆ ಗೌರವದ 'ಒತೋಸನ್'. ಈ ಒಂದು ವಿಷಯಕ್ಕೆ ನನ್ನ ನಾಲಿಗೆ ಇಂದಿಗೂ ಒಗ್ಗಿಲ್ಲ.

ಪುಸ್ತಕವನ್ನು ಬಳಸುವ ಬಗೆಯನ್ನು ನನಗೆ ಕಲಿಸಿದವರು ಬಹಳ ಹಿಂದೆ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಉತ್ತರ ಭಾರತದ ಶಿಕ್ಷಕಿಯೊಬ್ಬರು. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ನಮ್ಮ ಹಿನಕಲ್ಲಿಗೆ ಸಮೀಪದ ಮಾನಸಗಂಗೋತ್ರಿಯಲ್ಲಿದೆಯಷ್ಟೆ. ಅಲ್ಲಿ ಹತ್ತು ತಿಂಗಳ ಕನ್ನಡ ಕಲಿಕೆಗೆಂದು ಬಂದಿದ್ದರು. ಬೆಳಗಿನ ಐದೂವರೆಗೆ ಅವರ ಕನ್ನಡ ಪಾಠ ನಮ್ಮ ಹಾಲಿಗೆ ಕೇಳಿಸುತ್ತಿತ್ತು. ಒಂದೇ ಸಂಭಾಷಣೆ, ಇಪ್ಪತ್ತು ಸಲ, ಗಟ್ಟಿಯಾಗಿ. ಆಗ ನನಗೆ ನಗು ಬರುತ್ತಿತ್ತು. ಹೊರಡುವ ವೇಳೆಗೆ ಅವರು ಸೊಪ್ಪಿನವಳೊಡನೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು. ಈಗ ನನ್ನದೂ ಅದೇ ಕ್ರಮ. ಧ್ವನಿಮುದ್ರಣ ಕೇಳುವುದು, ಗಟ್ಟಿಯಾಗಿ ಓದುವುದು, ಪುಸ್ತಕ ಮುಚ್ಚಿ ಬರೆಯುವುದು. ಹಿಂದಿನ ಪಾಠ ಬಾಯಿಗೆ ಬರದೆ ಮುಂದಿನ ಪುಟ ತಿರುಗಿಸುವುದಿಲ್ಲ. ಮಾರ್ಚ್ ಒಳಗೆ ಮುಗಿಸಬೇಕೆಂದು ಈಗ ಯಾರೂ ಕೇಳುವುದಿಲ್ಲವಲ್ಲ!

ಈಗ ಹೇಳಲೇಬೇಕಾದ ಒಂದು ಮಾತು. ಎಂಟನೆಯ ಪಾಠದ ಹೊತ್ತಿಗೆ ಪದಗಳ ಭಾರ ಹೆಚ್ಚಾಗಿ, ನನಗರಿವಿಲ್ಲದಂತೆಯೇ ಜಪಾನಿ ಸಾಲುಗಳ ಮೇಲೆ ಪೆನ್ಸಿಲ್ಲಿನಿಂದ ಸಣ್ಣದಾಗಿ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಳ್ಳತೊಡಗಿದ್ದೆ. ಒಂದು ಸಂಜೆ ಪುಟವನ್ನು ದೂರ ಹಿಡಿದು ನೋಡಿದಾಗ ಎದೆ ಧಸಕ್ಕೆಂದಿತು. ಈ ಪುಟವನ್ನು ನಾನು ಮೊದಲೇ ನೋಡಿದ್ದೆ.

1996ರ ಸುಮಾರು. ಎಂಟನೆಯ ತರಗತಿಯಲ್ಲಿ ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗನಿದ್ದ. ಇಂಗ್ಲಿಷ್ ಪಾಠವನ್ನು ತಡವರಿಸದೆ ಓದಿದ. ಸಂತೋಷದಿಂದ ಹತ್ತಿರ ಹೋಗಿ ನೋಡಿದರೆ, ಪ್ರತಿ ಸಾಲಿನ ಮೇಲೂ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಂಡಿದ್ದ. ಮೋಸ ಹೋದೆನೆಂಬ ಕೋಪ ಬಂತು. ಇಡೀ ತರಗತಿಯೆದುರು ನಿಲ್ಲಿಸಿ, ಎಲ್ಲವನ್ನೂ ರಬ್ಬರಿನಿಂದ ಅಳಿಸಿಸಿ, ಮತ್ತೆ ಓದೆಂದೆ. ಓದಲಾಗಲಿಲ್ಲ. ಮಕ್ಕಳು ನಕ್ಕರು, ನಾನು ತಡೆಯಲಿಲ್ಲ. ಆ ವರ್ಷವೆಲ್ಲ ಅವನು ನನ್ನ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಬಿ.ಎಡ್.ನಲ್ಲಿ ಕಲಿತ ಮನಶ್ಶಾಸ್ತ್ರವೆಲ್ಲ ಅಂದು ಎಲ್ಲಿ ಹೋಗಿತ್ತೋ ತಿಳಿಯದು.

ಈಗ ನನ್ನ ಮುಂದಿರುವ ಪಠ್ಯಪುಸ್ತಕವನ್ನೇ ನೋಡಿ. ಕಠಿಣವಾದ ಪ್ರತಿ ಕಾಂಜಿಯ ಮೇಲೂ ಸಣ್ಣ ಹಿರಗನ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಪ್ರಕಾಶಕರೇ ಅಚ್ಚು ಹಾಕಿಸಿದ್ದಾರೆ. ಅದಕ್ಕೆ ಫುರಿಗನ ಎಂದು ಹೆಸರು. ಜಪಾನಿನ ಮಕ್ಕಳ ಪುಸ್ತಕಗಳಲ್ಲೆಲ್ಲ ಅದು ಇದೆ. ಅಲ್ಲಿನ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಮಕ್ಕಳು 1,026 ಕಾಂಜಿ ಕಲಿಯುತ್ತಾರೆ, ಮೊದಲ ವರ್ಷ 80 ಮಾತ್ರ. ಕಲಿತಷ್ಟಕ್ಕೆ ಆಸರೆ ಬೇಡವಾಗುತ್ತದೆ, ಕಲಿಯದ್ದಕ್ಕೆ ಉಳಿಯುತ್ತದೆ. ಒಂದು ದೇಶವೇ ಗೌರವದಿಂದ ಮುದ್ರಿಸುವ ಉಪಾಯವನ್ನು ಆ ಹುಡುಗ ತಾನಾಗಿ ಕಂಡುಕೊಂಡಿದ್ದ. ನಾನು ಅದಕ್ಕೆ ಕಳ್ಳತನವೆಂದು ಹೆಸರಿಟ್ಟೆ.

ಆಸರೆಯೇ ಶಾಶ್ವತವಾಗಬೇಕೆಂದು ನಾನು ಹೇಳುತ್ತಿಲ್ಲ. ಕನ್ನಡ ಅಕ್ಷರವಿದ್ದರೆ ಕಣ್ಣು ಅದನ್ನೇ ಓದುತ್ತದೆ, ಕೆಳಗಿನ ಸಾಲಿಗೆ ಇಳಿಯುವುದೇ ಇಲ್ಲ. ಇದು ನನ್ನ ಅನುಭವವೂ ಹೌದು. ಆದ್ದರಿಂದ ನಾನೊಂದು ನಿಯಮ ಮಾಡಿಕೊಂಡೆ. ಹೊಸ ಪದಕ್ಕೆ ಮಾತ್ರ ಬರೆಯುವುದು, ಮೂರನೆಯ ಸಲ ಓದುವಾಗ ರಟ್ಟಿನ ತುಂಡಿನಿಂದ ಮುಚ್ಚಿಕೊಳ್ಳುವುದು. ಅಳಿಸಿದರೂ ನಾನೇ ಅಳಿಸಬೇಕು, ಸಿದ್ಧಳಾದಾಗ. ಆ ಹುಡುಗನಿಗೆ ನಾನು ಆ ಕಾಲಾವಕಾಶ ಕೊಡಲಿಲ್ಲ. ಅವನೀಗ ನಲವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಇದನ್ನು ಓದುವವರಲ್ಲಿ ಯಾರಾದರೂ ಅವನ ಸಹಪಾಠಿಗಳಿದ್ದರೆ, ನಾನು ಕ್ಷಮೆ ಕೇಳಿದೆನೆಂದು ಅವನಿಗೆ ತಿಳಿಸಿ.

ಬಿಡದಿಯ ಶಿಷ್ಯನಿಗೆ ಇಷ್ಟು ಹೇಳುತ್ತೇನೆ. ಮೊದಲು ಹಿರಗನ, ಕತಕನ ಕಲಿ, ರೋಮನ್ ಪುಸ್ತಕದ ತಂಟೆ ಬೇಡ. ನಿನಗೆ ಬೇಕಾಗಿರುವುದು ಅಲ್ಲಿ ಬದುಕುವ ಮಾತು. ಅದಕ್ಕೆ ಜಪಾನ್ ಫೌಂಡೇಶನ್ 2020ರಿಂದ ಉಚಿತವಾಗಿ ಅಂತರ್ಜಾಲದಲ್ಲಿ ಕೊಡುತ್ತಿರುವ 'ಇರೊದೊರಿ' ಎಂಬ ಪಠ್ಯ ಮತ್ತು ಧ್ವನಿಮುದ್ರಣ ಹೆಚ್ಚು ಹೊಂದುತ್ತದೆ. ಜೊತೆಗೆ ವ್ಯಾಕರಣಕ್ಕೆ ಮಿನ್ನಾ ಅಥವಾ ಗೆಂಕಿ, ಯಾವುದಾದರೂ ಒಂದೇ ಒಂದು. ನಾಲ್ಕು ಪುಸ್ತಕಗಳ ಮೊದಲ ಪಾಠ ಓದುವುದಕ್ಕಿಂತ ಒಂದು ಪುಸ್ತಕದ ಇಪ್ಪತ್ತೈದು ಪಾಠ ಓದುವುದು ಮೇಲು. ಮುಂದೆ ಬೇಕೆನಿಸಿದರೆ ಎನ್5 ಎಂಬ ಮೊದಲ ಹಂತದ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಆದರೆ ಅದರಲ್ಲಿ ಮಾತಿನ ಪರೀಕ್ಷೆಯಿಲ್ಲ. ಅದನ್ನು ತೇರ್ಗಡೆಯಾದ ಮಾತ್ರಕ್ಕೆ ಬಾಯಿ ಬರುತ್ತದೆಂದು ತಿಳಿಯಬೇಡ.

ನಾನೀಗ ಎರಡನೆಯ ಸಂಪುಟದ ಮೂವತ್ತೊಂದನೆಯ ಪಾಠದಲ್ಲಿದ್ದೇನೆ. ಮೊನ್ನೆಯ ಭಾನುವಾರ ಮೊಮ್ಮಗ ಮತ್ತೆ ಚಿತ್ರಪುಸ್ತಕ ಹಿಡಿದು ಕುಳಿತ. ಹನ್ನೆರಡು ಪುಟದ ಕಥೆಯನ್ನು ಓದಿ ಮುಗಿಸಲು ನನಗೆ ಇಪ್ಪತ್ತೈದು ನಿಮಿಷ ಬೇಕಾಯಿತು. ನಾಲ್ಕು ಕಡೆ ಅವನು ತಿದ್ದಿದ. ನಗಲಿಲ್ಲ. ಎದ್ದೂ ಹೋಗಲಿಲ್ಲ.

ಮೊದಲನೆಯ ಸಂಪುಟ ಮತ್ತು ಅದರ ಟಿಪ್ಪಣಿಯ ಪುಸ್ತಕ ಈಗ ನನ್ನ ಕಪಾಟಿನಲ್ಲಿ ಖಾಲಿ ಕುಳಿತಿವೆ. ಬೇಕಾದವರು ಹಿನಕಲ್ಲಿಗೆ ಬಂದು, ಒಂದು ಲೋಟ ಕಾಫಿ ಕುಡಿದು, ತೆಗೆದುಕೊಂಡು ಹೋಗಬಹುದು. ಪೆನ್ಸಿಲ್ಲಿನ ಬರಹವನ್ನು ನಾನು ಅಳಿಸಿಲ್ಲ.