ಎದೆಯೊಳಗಿನ ಹಳೆಯ ಕಿಂಡಿ

ಹುಟ್ಟಿನಿಂದಲೇ ಜೊತೆಗಿರುವ ಕೊರತೆಯನ್ನು ನಾವು ಸ್ವಭಾವವೆಂದೇ ತಿಳಿದುಬಿಡುತ್ತೇವೆ. ನನ್ನ ಅಕ್ಕ ಬಾಲ್ಯದಿಂದಲೂ ನಿಧಾನದವಳು. ಓಟದ ಆಟಕ್ಕೆ ಬರುತ್ತಿರಲಿಲ್ಲ. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೊರಟರೆ ನಡುನಡುವೆ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ತವರಿನ ಹಿರಿಯರು ಮೈಗಳ್ಳಿ ಎಂದರು. ಮದುವೆಯಾಗಿ ಪುಣೆಗೆ ಬಂದ ಮೇಲೆ ಅತ್ತೆಯ ಮನೆಯವರು ನಾಜೂಕು ಎಂದರು. ನಲವತ್ತು ದಾಟಿದ ಮೇಲೆ ಏದುಸಿರು, ಎದೆಬಡಿತ ಹೆಚ್ಚಿದವು. ಒಬ್ಬ ವೈದ್ಯರು ಉಬ್ಬಸವೆಂದರು, ಇನ್ನೊಬ್ಬರು ವಯಸ್ಸೆಂದರು.

ಕಡೆಗೊಮ್ಮೆ ಎಕೋ ಪರೀಕ್ಷೆಯಲ್ಲಿ ಹೃದಯದ ಬಲಭಾಗ ಹಿಗ್ಗಿರುವುದು ಕಂಡಿತು; ಕಾರಣ ಮಾತ್ರ ಕಾಣಲಿಲ್ಲ. ಎಕೋ ನೆಚ್ಚಿರುವುದು ಶಬ್ದತರಂಗಗಳನ್ನು. ಎಲುಬೂ ಶ್ವಾಸಕೋಶದ ಗಾಳಿಯೂ ಅವಕ್ಕೆ ಅಡ್ಡಬರುವುದರಿಂದ, ವಯಸ್ಕರಲ್ಲಿ ಹೃದಯದ ಹಿಂಬದಿಯ ಮೇಲ್ಮೂಲೆ ಅನೇಕ ವೇಳೆ ಮರೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಸಿ.ಟಿ. ಮಾಡಿಸಿದರು. 1971ರಲ್ಲಿ ಲಂಡನ್ನಿನಲ್ಲಿ ಈ ಯಂತ್ರ ಮೊದಲ ರೋಗಿಯ ಮಿದುಳನ್ನು ನೋಡಿದಾಗ, ಬಡಿಯುವ ಹೃದಯ ಅದಕ್ಕೆ ನಿಲುಕದ್ದಾಗಿತ್ತು. ಇಂದು ಅದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟರಲ್ಲಿ ಒಂದು ಸುತ್ತು ಬರುತ್ತದೆ. ಸಿರೆಗೆ ಅಯೋಡಿನ್ ಇರುವ ದ್ರವವನ್ನು ಹರಿಸಿ, ಇಸಿಜಿಯ ಲಯ ನೋಡಿಕೊಂಡು, ಹೃದಯ ತೀರ ಕಡಿಮೆ ಅಲುಗುವ ಕ್ಷಣವನ್ನು ಆರಿಸಿ ಚಿತ್ರ ತೆಗೆಯುತ್ತಾರೆ.

ಆ ಚಿತ್ರದಲ್ಲಿ ಸಂಗತಿ ಹೊರಬಿತ್ತು. ಮೇಲಿನ ಮಹಾಸಿರೆ ಬಂದು ಸೇರುವಲ್ಲಿ, ಎರಡು ಹೃತ್ಕರ್ಣಗಳ ನಡುವೆ, ಒಂದು ರಂಧ್ರ. ಎಡಗಡೆಗೆ ಬರಬೇಕಿದ್ದ, ಬಲ ಶ್ವಾಸಕೋಶದ ಸಿರೆಯೊಂದು ದಾರಿ ತಪ್ಪಿ ಆ ಮಹಾಸಿರೆಗೇ ಕೂಡಿಕೊಂಡಿತ್ತು. ಶುದ್ಧರಕ್ತದ ಒಂದು ಪಾಲು ದೇಹಕ್ಕೆ ಹೋಗದೆ ಮತ್ತೆ ಮತ್ತೆ ಶ್ವಾಸಕೋಶಕ್ಕೇ ಮರಳುತ್ತಿತ್ತು. ಆ ಹೆಚ್ಚುವರಿ ಹೊರೆಯನ್ನು ಬಲಹೃದಯ 46 ವರ್ಷ ಹೊತ್ತಿತ್ತು.

ವರದಿಯ ಅರ್ಥವನ್ನು ಬಿಡಿಸಿ ಹೇಳಿದಾಗ ಅಕ್ಕ ಶಸ್ತ್ರಚಿಕಿತ್ಸೆಯ ಮಾತೆತ್ತಲಿಲ್ಲ. "ಹಾಗಾದ್ರೆ ಅದು ಮೈಗಳ್ಳತನ ಅಲ್ವಲ್ಲೋ!" ಎಂದಳು. ಆ ಮಾತು ಆಡಿದ್ದವರಲ್ಲಿ ಒಬ್ಬರೂ ಈಗ ಉಳಿದಿರಲಿಲ್ಲ.

ಇನ್ನೂ ಒಂದು ಭಯವಿತ್ತು. ಶ್ವಾಸಕೋಶದ ರಕ್ತದೊತ್ತಡ ಮಿತಿಮೀರಿ ಏರಿದ್ದರೆ ಇಂಥ ರಂಧ್ರವನ್ನು ಮುಚ್ಚುವಂತಿಲ್ಲ. ಕ್ಯಾಥೆಟರ್ ಹಾಕಿ ಒತ್ತಡ ಅಳೆದರು, ಕಾಲ ಮೀರಿರಲಿಲ್ಲ. ರಂಧ್ರಕ್ಕೆ ತೇಪೆ ಹಾಕಿ, ಸಿರೆಯ ರಕ್ತವನ್ನು ಎಡಕ್ಕೆ ತಿರುಗಿಸಿದರು.

ಸಿ.ಟಿ.ಯಲ್ಲಿ ವಿಕಿರಣವಿದೆ, ಸುಮ್ಮನೆ ಮಾಡಿಸಿಕೊಳ್ಳುವ ಪರೀಕ್ಷೆಯಲ್ಲ. ಆದರೆ ಬಲಹೃದಯ ಹಿಗ್ಗಿದೆ, ಕಾರಣ ತಿಳಿಯದು ಎಂಬಲ್ಲಿಗೆ ವಿಚಾರಣೆ ನಿಲ್ಲಬಾರದು. ನಮ್ಮ ಮನೆಗಳಲ್ಲಿ ಸೋಮಾರಿ, ನಾಜೂಕು ಎಂದು ಕರೆಸಿಕೊಂಡ ಹೆಂಗಸರಲ್ಲಿ ಎಷ್ಟು ಮಂದಿ ಇಂಥ ಹೊರೆಯನ್ನು ಹೊತ್ತು ನೀರು ಸೇದಿದರೋ, ಹೆತ್ತರೋ, ಯಾವ ಚಿತ್ರವೂ ಈಗ ಹೇಳಲಾರದು.